ನಲವತ್ಮೂರು ಹೆಬ್ಬೆಟ್ಟು

ಅವತ್ತು ಯಮನವ್ವ ಮೈ ತೊಳಕೊಂಡು ಹೋಗಿದ್ದೇ ತಪ್ಪಾತು.

ತಪ್ಪು ಆಕೀದಲ್ಲ ಬಿಡ್ರಿ. ಸಾಹೇಬರ ಮುಂದ ನಿಂತು ಮಾತಾಡೂದದ ಅಂದ್ರ ಯಾರೇ ಆಗಲಿ ಮೈ ತೊಳಕೊಂಡೇ ಹೋಗತಾರ. ಆದ್ರ ಡಾಂಬರು ಹೊರೋ ಹೆಂಗಸು ಮೈ ತೊಳಕೊಳ್ಳೂದು ಒಂದು ತಂಬಿಗಿ ನೀರಿನ ಮಾತಲ್ಲ. ಹಿಂದಿನ ದಿನ ಸಂಜೀಮುಂದ ಪುಣೆಯ ಹಡಪಸರದಾಗ ತಗಡಿನ ಪತ್ರಾ ಶೆಡ್ಡಿನ ಬಾಗಿಲಾಗ ಕುಂತು, ಡೀಸೆಲ್‌ನಾಗ ಅರಿವಿ ಅದ್ದಿ ಅದ್ದಿ ಕೈ ತಿಕ್ಕಿದಳು. ಡಾಂಬರು ಡೀಸೆಲ್ಲಿಗೇ ಬಿಡೂದು, ಸಬಕಾರಕ್ಕ ಬಿಡಂಗಿಲ್ಲ. ಆಮ್ಯಾಲ ಡೀಸೆಲ್ಲಿನ ವಾಸನಿ ಹೋಗಲಿಕ್ಕೆ ಕೊಬ್ರಿ ಎಣ್ಣಿ. ಎಣ್ಣಿ ಹೋಗಲಿಕ್ಕೆ ಕಡ್ಲಿಹಿಟ್ಟು. ಉಗುರಿನ ಸಂದಿ ಸೂಜೀಲೆ ಕೆದರಿದಳು. ಎರಡು ಬೆರಳಾಗ ರಕ್ತ ಬಂತು. ಬಿಡಲಿಲ್ಲ.

ಒಳಗ ಮಲಗಿದ್ದ ಗಂಡ ಧರ್ಮಣ್ಣ ಕೆಮ್ಮಿ ಕೆಮ್ಮಿ ಉಸಿರು ಹಿಡಕೊಂಡು, ‘ಏನ್ ಮದಿವಿಗೆ ಹೊಂಟೀ?’ ಅಂದ.

‘ಹೂಂ. ನಿನ್ನ ಮ್ಯಾಲ ಸವತಿ ತರ್ತೀನಿ, ಸುಮ್ನ ಮಕ್ಕೋ,’ ಅಂದಳು.

ಧರ್ಮಣ್ಣ ಹದಿನಾರು ವರ್ಷ ಡಾಂಬರು ಕಾಯಿಸೋ ಬಾಯ್ಲರಿನ ಮುಂದ ನಿಂತವ. ಈಗ ಅವನ ಎದಿಯಾಗ ಏನದ ಅಂತ ಡಾಕ್ಟರು ಫೋಟೋ ಹಿಡದು ತೋರಿಸ್ಯಾರ. ಬಿಳೆ ಇರಬೇಕಾದ ಕಡೆ ಕರೀದು, ಕರೀದು ಇರಬೇಕಾದ ಕಡೆ ಬಿಳೇದು. ಗುತ್ತಿಗೆದಾರನನ್ನ ಕೇಳಿದ್ರ, ‘ಬೀಡಿ ಸೇದತಿದ್ದ’ ಅಂದ. ಧರ್ಮಣ್ಣ ಹುಟ್ಟಿದಾಗಿಂದ ಬೀಡಿ ಮುಟ್ಟಿಲ್ಲ. ಆ ಮಾತು ಹೇಳಿದವನ ನಾಲಿಗಿಗೆ ಹುಳ ಬೀಳಲಿ.

ಡಾಂಬರಿನ ಕೆಲಸ ಹ್ಯಾಂಗಿರತದ ಗೊತ್ತೇನು? ಲಾರಿಯಿಂದ ಇಳಿಯೋ ಡಾಂಬರು ಕಲಸಿದ ಜಲ್ಲಿ ಖಡಿಯಾಗ ಹೊಗಿ ಏಳತಿರತದ. ಅದನ್ನ ಬುಟ್ಟಿಯಾಗ ತುಂಬಿ ತಲಿಮ್ಯಾಲ ಹೊತ್ತು ಓಡಬೇಕು, ನಡಿಯೂ ಹಾಂಗಿಲ್ಲ. ಆರಿತು ಅಂದ್ರ ಹಾಸಲಿಕ್ಕೆ ಬರಂಗಿಲ್ಲ, ಆರಿಸಿದಾಕಿಗೆ ಬೈಗುಳ. ಚಪ್ಪಲಿ ಹಾಕೊಂಡ್ರ ಕರಗತದ. ಅದಕ್ಕ ಕಾಲಿಗೆ ಗೋಣಿತಟ್ಟು ಸುತ್ತಿ, ಮ್ಯಾಲ ಹಳೇ ಟೈರಿನ ತುಂಡು ಕಟ್ಟತಾರ. ಸಂಜೀಗೆ ಉಗುಳಿದ್ರ ಉಗುಳೂ ಕರಿ. ಯಾವ ಅಪಾರ್ಟ್‌ಮೆಂಟ್ ಸೊಸೈಟಿ ಮುಂದ ರಸ್ತಾ ಹಾಕತಾರೋ, ಆ ಸೊಸೈಟಿಯವರು ಕಿಡಕಿ ಹಾಕೋತಾರ. ನೀರು ಕೇಳಿದ್ರ ವಾಚಮನ್ ಬಾಟ್ಲಿ ಮ್ಯಾಲಿಂದ ಸುರೀತಾನ. ಬೊಗಸಿ ಹಿಡದು ಕುಡೀಬೇಕು. ಪುಣೆ ಅಂತ ಪುಣೆ. ಊರು ಬಿಟ್ಟು ಬಂದ್ರೂ ಬೊಗಸಿ ಬಿಡಲಿಲ್ಲ.

ಇಂಥಾ ದಿನದಾಗ ನೀತಾ ಅನ್ನಾಕಿ ಬಂದಿದ್ದಳು, ಎರಡು ತಿಂಗಳ ಹಿಂದ. ಪುಣೆಯೊಳಗಿನ ಉಳ್ಳವರ ಬಡಾವಣಿ ಕೋಥರೂಡದಾಕಿ. ಅಪ್ಪ ಬಿಜಾಪುರ ಕಡೆಯಿಂದ ಬಂದು ಕಾಳಿನ ವ್ಯಾಪಾರ ಮಾಡಿ ದೊಡ್ಡವನಾದವ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಸರ್ಕಾರ ಕೈಬಿಡಬೇಕು ಅಂತ ಹೋರಾಡೋ ಒಂದು ಗುಂಪಿನಾಗಿದ್ದಳು. ಕೆಲಸದ ಜಾಗಕ್ಕೇ ಬಂದು, ‘ಅಕ್ಕಾ, ಯಾವೂರ್ರಿ?’ ಅಂತ ಕನ್ನಡದಾಗ ಕೇಳಿದಾಗ ಯಮನವ್ವ ಬುಟ್ಟಿ ಇಳಿಸೂದ ಮರೆತಿದ್ದಳು. ಮರಾಠಿ ಬೈಗುಳ ಕೇಳಿ ಕೇಳಿ ಮರಗಟ್ಟಿದ ಕಿವಿಗೆ ‘ಅಕ್ಕಾ’ ಅಂದ್ರ ಸಾಕಾಗತದ ನೋಡ್ರಿ. ಅಲ್ಲೇ ಎಡವಿದ್ದು.

‘ಈ ಡಾಂಬರೂ ಅದೇ ನೆಲದೊಳಗಿನ ಎಣ್ಣಿಯಿಂದನೇ ಬರೂದು,’ ಅಂದಿದ್ದಳು ನೀತಾ. ‘ಇದರಿಂದ ಭೂಮಿ ಬಿಸಿ ಆಗಕತ್ತದ. ಇದನ್ನೆಲ್ಲಾ ಸರ್ಕಾರ ಬಂದ್ ಮಾಡಬೇಕು.’

‘ಮಾಡಸ್ರಿ,’ ಅಂದಿದ್ದಳು ಯಮನವ್ವ. ‘ಎಲ್ಲಾರಕಿಂತ ಮೊದಲ ನಾ ಬಿಡ್ತೀನಿ. ಆದ್ರ ಬಂದ್ ಆದ ಮ್ಯಾಲ ನಾವೇನು ತಿನ್ನೂದು? ಇವನ ಎದಿ ಯಾರು ನೋಡೂದು?’

ನೀತಾ ಅದನ್ನ ಅಲ್ಲೇ ಬರಕೊಂಡಳು. ಬರಕೊಂಡು ಓದಿಯೂ ತೋರಿಸಿದಳು. ‘ಬಂದ್ ಮಾಡುವ ಮೊದಲು ಇದರಲ್ಲಿ ದುಡಿದವರಿಗೆ ಬೇರೆ ಕೆಲಸ ಕೊಡಬೇಕು, ಎದೆ ಕೆಟ್ಟವರಿಗೆ ಔಷಧ ಕೊಡಬೇಕು.’ ಒಂದೇ ಸಾಲು. ‘ಸರ್ಕಾರಕ್ಕ ಕೊಡೋ ಮನವಿಯಾಗ ಇದು ಏಳನೇ ನಂಬರ್ ಅಕ್ಕಾ, ನಾ ಮಾತು ಕೊಡ್ತೀನಿ,’ ಅಂದಳು.

ಆ ಒಂದು ಸಾಲಿಗೆ ಯಮನವ್ವ ಇಡೀ ಗ್ಯಾಂಗ್ ಸುತ್ತಿದಳು. ಊಟದ ಹೊತ್ತಿನಾಗ, ನಲ್ಲಿ ಪಾಳಿಯಾಗ, ಲಾರಿ ಬರೋತನಕ ಕುಂತಾಗ. ಅಂಜಿದವರಿಗೆ ಅಂಜಬ್ಯಾಡ ಅಂದಳು. ನಲವತ್ಮೂರು ಮಂದಿ ಹೆಬ್ಬೆಟ್ಟು ಒತ್ತಿದ್ರು. ಮಸಿ ಡಬ್ಬಿ ಆರಿ ಹೋಗಿತ್ತು. ಡಾಂಬರಿಗೆ ಎರಡು ಹನಿ ಡೀಸೆಲ್ ಬಿಟ್ಟು ಅದರಲ್ಲೇ ಒತ್ತಿದ್ರು. ಸಹಿ ಬರೋವರೂ ಹೆಬ್ಬೆಟ್ಟೇ ಒತ್ತಿದ್ರು, ಎಲ್ಲಾರದೂ ಒಂದೇ ಇರಲಿ ಅಂತ. ನೀತಾ ಆ ಮೂರು ಹಾಳಿ ನೋಡಿ ಕಣ್ಣಾಗ ನೀರು ತಂದಳು. ಫೋಟೋನೂ ಹೊಡಕೊಂಡಳು.

ಅವತ್ತು ಆ ಮನವಿ ಕೊಡೂ ದಿವಸ. ಶಿವಾಜಿನಗರದ ಸರ್ಕಾರಿ ಕಚೇರಿ ಮುಂದ ಸಭಾ. ಯಮನವ್ವ ಒಂದು ದಿನದ ಕೂಲಿ ಬಿಟ್ಟು, ತೊಳೆದ ಹಸರು ಸೀರಿ ಉಟ್ಟು, ಮೈದುನ ಜೈಭೀಮನ ಜೋಡಿ ಬಸ್ ಹತ್ತಿದಳು. ಜೈಭೀಮನೂ ಅದೇ ಗ್ಯಾಂಗಿನವ, ರೋಲರ್ ಹಿಂದ ನೀರು ಹೊಡೀತಾನ. ಹತ್ತನೇ ಇಯತ್ತೆ ಪಾಸು, ಮರಾಠಿ ಓದಲಿಕ್ಕೂ ಬರತದ.

ಗೇಟಿನ ಮುಂದ ನೂರು ನೂರೈವತ್ತು ಮಂದಿ ಇದ್ರು. ಹೆಚ್ಚಿನವರು ಕಾಲೇಜಿನ ಮಕ್ಕಳು. ಕೆನ್ನಿಗೆ, ಹಣಿಗೆ ಕರೀದು ಬಳಕೊಂಡು ನಕ್ಕೊಂತ ಫೋಟೋ ಹಿಡಕೊಳ್ಳಕತ್ತಿದ್ರು. ಕಲ್ಲಿದ್ದಲಿನ ಪುಡಿಗೆ ಎಣ್ಣಿ ಕಲಸಿದ ಡಬ್ಬಿ ಒಬ್ಬನ ಕೈಯಾಗಿತ್ತು. ಅವ ಪ್ರಣವ, ಬೆಂಗಳೂರಿನ ಹುಡುಗ. ಹಡಪಸರದಾಗೇ ಕಂಪ್ಯೂಟರ್ ಆಫೀಸಿನ್ಯಾಗ ಕೆಲಸ. ಗುಂಪಿನ ಫೋಟೋ, ವಿಡಿಯೋ ಎಲ್ಲಾ ಅವಂದೇ. ಯಮನವ್ವನ್ನ ಮ್ಯಾಲಿಂದ ಕೆಳಗಿನತನಕ ನೋಡಿದ. ಅವನ ಮಾರಿ ಇಳೀತು.

‘ಅಯ್ಯೋ ಅಮ್ಮ, ಇಷ್ಟು ಕ್ಲೀನಾಗಿ ಬಂದ್ಬಿಟ್ರಾ? ಕೆಲಸದ ಡ್ರೆಸ್ಸಲ್ಲೇ ಬರ್ತೀರ ಅನ್ಕೊಂಡಿದ್ವಿ.’

‘ಸಾಹೇಬರ ಮುಂದ ಮಾತಾಡೂದದಲ್ರಿ,’ ಅಂದಳು ಯಮನವ್ವ.

‘ಮಾತಾಡೋದು ಇರ್ಲಿ, ನೋಡೋರಿಗೆ ಗೊತ್ತಾಗ್ಬೇಕಲ್ವಾ, ಡಾಂಬರ್ ಕೆಲಸದವರು ಅಂತ. ನೀತಾ, ಏನ್ ಮಾಡೋದು ಈಗ? ಟೀವಿಯವರು ಬಂದಿದಾರೆ.’

ನೀತಾ ಓಡಿ ಬಂದಳು. ಆಕಿ ಮಾರಿಯೂ ಕರಿ ಇತ್ತು. ‘ಯಮನವ್ವಕ್ಕಾ, ಸ್ವಲ್ಪ ಹಚ್ಚಿಕೊಳ್ರಿ. ಬರೇ ಕೆನ್ನಿಗೆ. ನಾವೂ ಎಲ್ಲಾರೂ ಹಚ್ಚಿಕೊಂಡೀವಿ ನೋಡ್ರಿ.’

‘ಇದ್ಯಾಕ್ರಿ?’

‘ನಿಮ್ಮ ಜೋಡಿ ನಾವಿದ್ದೀವಿ ಅಂತ ತೋರಿಸಲಿಕ್ಕೆ.’

ಯಮನವ್ವ ಒಂದು ಹೆಜ್ಜಿ ಹಿಂದ ಸರದಳು. ಕೈ ಹಿಂದ ಮಾಡಿದಳು. ಉಗುರಿನ ಸಂದಿ ಇನ್ನೂ ಉರೀತಿತ್ತು. ‘ಬ್ಯಾಡ್ರಿ’ ಅನ್ನೂದರಾಗ ಪ್ರಣವನ ಎರಡು ಬೆರಳು ಆಕಿ ಎಡಗೆನ್ನಿ ಮ್ಯಾಲ ಎಳೆದೇ ಬಿಟ್ಟವು, ಕಣ್ಣಿನ ಬುಡದಿಂದ ಗದ್ದದತನಕ.

ಯಮನವ್ವನ ಊರಾಗ ಆಕಿ ಸ್ವಾದರಮಾವ ಒಂದು ದಿನ ಹೋಟೆಲ್ಲಿನ ಬಾಕಿನ ಮ್ಯಾಲ ಕುಂತು ಚಾ ಕುಡದಿದ್ದ. ಕೇರಿಯವ ಬಾಕಿನ ಮ್ಯಾಲ ಕುಂತ ಅಂತ ಊರಿನವರು ಅವನ ಮಾರಿಗೆ ಗಾಡಿ ಕೀಲಿನ ಮಸಿ ಬಳದು ಅಗಸಿತನಕ ನಡಿಸಿದ್ರು. ಯಮನವ್ವ ಆಗ ಒಂಬತ್ತು ವರ್ಷದಾಕಿ. ಮಾವ ಮಸಿ ತೊಳಕೊಂಡ. ಆದ್ರ ಮತ್ತ ಯಾರ ಮುಂದೂ ಮಾರಿ ಎತ್ತಲಿಲ್ಲ. ಎರಡು ವರ್ಷಕ್ಕ ಹಾಂಗೇ ತಲಿ ಬಗ್ಗಿಸಿಕೊಂಡೇ ಸತ್ತ. ಇದನ್ನೆಲ್ಲಾ ಈ ಹುಡುಗನಿಗೆ ಯಾರು ಹೇಳಬೇಕು? ಯಾಕ ಹೇಳಬೇಕು? ಒಬ್ಬರ ಮಾರಿ ಮುಟ್ಟೂ ಮೊದಲ ಕೇಳಬೇಕು ಅನ್ನೂದನ್ನ ಅವರವ್ವ ಕಲಿಸಿರಲಿಲ್ಲೇನು?

ಯಮನವ್ವ ಅವನ ಮುಂಗೈ ಹಿಡದಳು. ಹದಿನೆಂಟು ವರ್ಷ ಸಲಿಕಿ ಹಿಡದ ಕೈ.

‘ಬಿಡಿ ಅಮ್ಮ, ನೋಯ್ತಿದೆ,’ ಅಂದ ಪ್ರಣವ.

‘ನೋಯಲಿ.’

‘ಅಕ್ಕಾ, ಬಿಡ್ರಿ, ತಪ್ಪು ತಿಳಕೋಬ್ಯಾಡ್ರಿ,’ ಅಂದಳು ನೀತಾ. ‘ನಾವೂ ಹಚ್ಚಿಕೊಂಡೀವಿ ಅಂತ ಹೇಳಿದ್ನಲ್ಲ.’

‘ನೀವು ಸಂಜೀಗೆ ತೊಳಕೋತೀರಿ,’ ಅಂದಳು ಯಮನವ್ವ. ಕೈ ಬಿಟ್ಟಳು. ಸೆರಗಿನಿಂದ ಕೆನ್ನಿ ಒರಸಿದಳು. ಹಸರು ಸೆರಗು ಕರಿ ಆತು. ಜೈಭೀಮ ಮುಂದ ಬಂದಿದ್ದ, ಅವನ ಮೂಗಿನ ಹೊಳ್ಳಿ ಹಿಗ್ಗಿದ್ದವು. ಅವನನ್ನ ಕೈ ಅಡ್ಡ ಹಿಡದು ನಿಲ್ಲಿಸಿದಳು. ಯಾಕ ನಿಲ್ಲಿಸಿದಳು? ಆ ಒಂದು ಸಾಲಿನ ಸಲುವಾಗಿ. ಈಗ ಜಗಳ ಮಾಡಿ ಹೊಂಟ್ರ ಆ ಸಾಲು ಯಾರು ಓದತಾರ?

‘ಮಾರಿ ಬ್ಯಾಡ. ಕಾಲು ತೋರಸ್ತೀನಿ,’ ಅಂದಳು. ‘ನಮ್ಮ ಸಾಲು ಓದ್ತೀರಲ್ಲ?’

‘ಓದ್ತೀವ್ರಿ,’ ಅಂದಳು ನೀತಾ. ಹಾಂಗನ್ನುವಾಗ ಆಕಿ ಕಣ್ಣು ಬ್ಯಾರೆ ಕಡೆ ಇತ್ತು.

ಯಮನವ್ವನ್ನ ವೇದಿಕಿ ಮುಂದ ಕೆಳಗ ಕುಂಡ್ರಿಸಿದ್ರು. ಮ್ಯಾಲ ಖುರ್ಚಿ ಇದ್ದವು, ಅವು ಭಾಷಣ ಮಾಡೋರಿಗೆ. ಕಾಲು ಚಾಚಿಸಿದ್ರು. ಸುಟ್ಟ ಕಲಿ, ಒಡದ ಹಿಮ್ಮಡಿ, ಒಂದು ಬೆರಳಿಗೆ ಉಗುರೇ ಇಲ್ಲ. ಕ್ಯಾಮೆರಾ ಬಂದು ಬಂದು ಪಾದದ ಹತ್ರ ಕುಂತವು. ಮಾರಿ ಕಡೆ ಒಬ್ಬರೂ ಹಿಡೀಲಿಲ್ಲ. ಮೈಕಿನ್ಯಾಗ ಒಬ್ಬರು ಮರಾಠಿಯಾಗ, ‘ಈ ಪಾದಗಳನ್ನು ನೋಡಿ’ ಅಂದ್ರು. ಮಂದಿ ಚಪ್ಪಾಳಿ ಹೊಡದ್ರು. ಪಾದಕ್ಕ ಚಪ್ಪಾಳಿ. ಯಮನವ್ವ ಹಲ್ಲು ಕಚ್ಚಿ ಕುಂತಳು.

ಮನವಿಯ ಪ್ರತಿಗಳು ಕೈಯಿಂದ ಕೈಗೆ ಬಂದವು. ಜೈಭೀಮ ಒಂದು ತಗೊಂಡು ಬೆರಳಿಟ್ಟು ಓದಿದ. ಏಳನೇ ನಂಬರಿಗೆ ಬಂದವ ಅಲ್ಲೇ ನಿಂತ. ಮತ್ತೊಮ್ಮೆ ಓದಿದ. ಹಿಂದ ತಿರುವಿದ, ಮುಂದ ತಿರುವಿದ.

‘ವೈನಿ, ನಮ್ಮ ಸಾಲಿಲ್ಲ.’

‘ಸರಿಯಾಗಿ ನೋಡೋ.’

‘ಹನ್ನೊಂದು ನಂಬರೂ ನೋಡಿದೆ. ಏಳನೇದಾಗ ಬ್ಯಾರೇನೇ ಅದ. ರಸ್ತಾ ಕೆಲಸದಾಗ ಡಾಂಬರು ಕೂಡಲೇ ಬಂದ್ ಮಾಡಬೇಕು ಅಂತದ. ಅಷ್ಟೇ. ಕೆಲಸದ ಮಾತೂ ಇಲ್ಲ, ಔಷಧದ ಮಾತೂ ಇಲ್ಲ.’ ಅವನ ದನಿ ಸಣ್ಣಗಾತು. ‘ಹಿಂದ ನಮ್ಮ ಹೆಬ್ಬೆಟ್ಟು ಹಚ್ಯಾರ.’

ತಿಳೀತೇನ್ರಿ? ನಮ್ಮ ಅನ್ನ ಕಸಗೊಳ್ರಿ ಅಂತ ನಲವತ್ಮೂರು ಮಂದಿ ತಾವೇ ಹೆಬ್ಬೆಟ್ಟು ಒತ್ತಿ ಕೊಟ್ಟಂಗಾತು. ಆ ಹೆಬ್ಬೆಟ್ಟು ಒತ್ತಿಸಿದಾಕಿ ಯಮನವ್ವ. ನಾಳೆ ಇದು ಗೊತ್ತಾದ್ರ ಗ್ಯಾಂಗಿನ ಮುಂದ ಯಾವ ಮಾರಿ ಇಟ್ಟುಕೊಂಡು ನಿಲ್ಲಬೇಕು? ಎದ್ದಳು. ಮ್ಯಾಲ ಖುರ್ಚಿಗಳ ನಡುವಿಂದ ಹೋಗಿ ನೀತಾಳ ಎದುರು ನಿಂತಳು.

‘ನಮ್ಮ ಸಾಲು ಎಲ್ಲದ?’

ನೀತಾ ಆಕಿನ್ನ ಬದಿಗೆ ಕರಕೊಂಡು ಹೋಗಲಿಕ್ಕೆ ನೋಡಿದಳು. ಯಮನವ್ವ ಕದಲಲಿಲ್ಲ.

‘ಅಕ್ಕಾ, ಮೀಟಿಂಗಿನ್ಯಾಗ ತಗದ್ರು. ನಾ ಹೇಳಿದೆ, ಖರೇನೇ ಹೇಳಿದೆ. ಕೆಲಸದ ವಿಚಾರ ಹಾಕಿದ್ರ ಸರ್ಕಾರಕ್ಕ ನೆವ ಸಿಗತದ, ಮಾತು ಒಂದೇ ಇರಬೇಕು ಅಂದ್ರು. ಮುಂದಿನ ಮನವಿಯಾಗ ಹಾಕೋಣ.’

‘ಮೀಟಿಂಗಿನ್ಯಾಗ ಡಾಂಬರು ಹೊರೋರು ಎಷ್ಟು ಮಂದಿ ಇದ್ರು?’

ನೀತಾ ಮೇಜಿನ ಮ್ಯಾಲಿನ ಮನವಿ ಸರಿಮಾಡಿ ಇಟ್ಟಳು.

‘ನಮ್ಮ ಸಾಲು ತಗದ್ರಿ. ಹೆಬ್ಬೆಟ್ಟು ಯಾಕ ತಗೀಲಿಲ್ಲ?’

‘ಅವು ಇದ್ರ ಮನವಿಗೆ ತೂಕ ಬರತದ ಅಕ್ಕಾ. ತಿಳಕೋರಿ, ಇದು ನಿಮ್ಮೊಬ್ಬರ ಮಾತಲ್ಲ. ಭೂಮಿ ಸುಡಕತ್ತದ.’

‘ನಾ ನಿಂತಲ್ಲಿ ಹದಿನೆಂಟು ವರ್ಷದಿಂದ ಸುಡಕತ್ತದ,’ ಅಂದಳು ಯಮನವ್ವ. ‘ನಿನಗ ಈ ವರ್ಷ ಬಿಸಿ ತಾಕೇದ.’

ಇಲ್ಲೀತನಕ ರೀ ಅಂತಿದ್ದಾಕಿ ಈಗ ಏಕವಚನಕ್ಕ ಇಳದಿದ್ದಳು. ಮೇಜಿನ ಮ್ಯಾಲಿದ್ದ ಮೂಲ ಮನವಿ ಎತ್ತಿಕೊಂಡಳು. ಹಿಂದಿನ ಮೂರು ಹಾಳಿ ಹಿಡದು ಜಗ್ಗಿದಳು. ಪಿನ್ನು ಕಿತ್ತು ಬಂದವು. ಪ್ರಣವ ಅಡ್ಡ ಬಂದ. ‘ಅಮ್ಮ, ಇದು ಕ್ಯಾಂಪೇನ್ ಡಾಕ್ಯುಮೆಂಟು, ಹಾಗೆಲ್ಲ ತಗೊಂಡು ಹೋಗೋಕಾಗಲ್ಲ.’

‘ಈ ಬೆಟ್ಟು ಯಾರದು?’

‘ನಿಮ್ಮೋರದೇ, ಆದ್ರೆ—’

‘ಮುಗೀತು.’

ಅಷ್ಟರಾಗ ಕಚೇರಿಯಿಂದ ಸಾಹೇಬರು ಹೊರಗ ಬಂದ್ರು, ಮನವಿ ತಗೊಳ್ಳಲಿಕ್ಕೆ. ನೀತಾ ಗಡಿಬಿಡಿಯಿಂದ ಉಳಿದ ಹಾಳಿ ಕೊಟ್ಟಳು, ಫೋಟೋ ಆದವು. ಸಾಹೇಬರು ತಿರುಗಬೇಕು ಅನ್ನೂದರಾಗ ಯಮನವ್ವ ಎದುರಿಗೆ ನಿಂತಿದ್ದಳು. ಪೊಲೀಸ್ ಹೆಣ್ಮಗಳು ಭುಜಕ್ಕ ಕೈ ಹಾಕಿದಳು. ಯಮನವ್ವ ಆ ಕೈ ಕಡೆ ನೋಡಲಿಲ್ಲ. ತನಗ ಬರೋ ಮರಾಠಿಯಾಗ ಹೇಳಿದಳು. ‘ಸಾಹೇಬ, ಆಧೀ ಕಾಮ ದ್ಯಾ, ಮಗ ಬಂದ ಕರಾ.’ ಮೊದಲ ಕೆಲಸ ಕೊಡ್ರಿ, ಆಮ್ಯಾಲ ಬಂದ್ ಮಾಡ್ರಿ.

ಸಾಹೇಬರು ನೀತಾಳ ಕಡೆ ತಿರುಗಿ ಮರಾಠಿಯಾಗ ಕೇಳಿದ್ರು. ‘ಇವರು ನಿಮ್ಮವರೇ ಅಲ್ವಾ?’

‘ಹೌದು ಸರ್, ನಮ್ಮ ಜೊತೇನೇ,’ ಅಂದಳು ನೀತಾ.

‘ಅಲ್ಲ,’ ಅಂದಳು ಯಮನವ್ವ.

ಸಾಹೇಬರಿಗೆ ನಗು ಬಂತು. ಇಂಥಾದ್ದು ಅವರಿಗೆ ಬೇಕಾಗಿತ್ತು. ‘ಹಾಗಾದ್ರೆ ಡಾಂಬರು ಇರಲಿ ಅಂತೀರಿ ನೀವು. ನೋಡಿ ಮೇಡಂ, ಕೆಲಸಗಾರರಿಗೇ ಬೇಡವಂತೆ ನಿಮ್ಮ ಹೋರಾಟ.’

ಯಮನವ್ವನಿಗೆ ಇಷ್ಟು ಹೊತ್ತು ಬರದಷ್ಟು ಸಿಟ್ಟು ಈಗ ಬಂತು. ನೀತಾ ಆಕಿ ಸಾಲು ಕದ್ದಿದ್ದಳು. ಈ ಮನುಷ್ಯ ಆಕಿ ಬಾಯಾಗ ಸುಳ್ಳು ಸಾಲು ತುರುಕಲಿಕ್ಕೆ ಹೊಂಟಿದ್ದ.

‘ನಾ ಹಾಂಗ ಅಂದಿಲ್ಲ. ನನ್ನ ಗಂಡನ ಎದಿ ತಿಂದ ಡಾಂಬರು ನನಗ್ಯಾಕ ಬೇಕು? ಬಂದ್ ಮಾಡ್ರಿ. ಇವತ್ತೇ ಮಾಡ್ರಿ. ಈ ಹುಡುಗ್ರು ಹೇಳೂದು ಸುಳ್ಳಲ್ಲ. ಆದ್ರ ಬಂದ್ ಮಾಡಿದ ಮರುದಿನ ನಾವೆಲ್ಲಿ ಹೋಗಬೇಕು, ಅದನ್ನ ಹೇಳಿ ಬಂದ್ ಮಾಡ್ರಿ.’ ಜೈಭೀಮ ಮರಾಠಿಯಾಗ ಒಂದೂ ಬಿಡದೆ ಹೇಳಿದ.

‘ಬರೆದು ಕೊಡಿ,’ ಅಂದ್ರು ಸಾಹೇಬರು. ‘ನಾಳೆ ಕೊಡಿ. ಎಷ್ಟು ಮಂದಿ ಇದ್ದೀರಿ, ಒಬ್ಬರು ಬರ್ತೀರಾ, ಇಬ್ಬರಾ?’ ಉತ್ತರಕ್ಕ ಕಾಯದೇ ಒಳಗ ಹೋದ್ರು.

ಆ ಸಂಜೀಗೆ ಪತ್ರಾ ಶೆಡ್ಡುಗಳ ನಡುವಿನ ಬಯಲಾಗ ಯಮನವ್ವ ಎಲ್ಲಾರನ್ನೂ ಕೂಡಿಸಿದಳು. ಒಂದನ್ನೂ ಮುಚ್ಚಲಿಲ್ಲ. ಕೆನ್ನಿಗೆ ಬಳದದ್ದು, ಕಾಲಿಗೆ ಚಪ್ಪಾಳಿ ಹೊಡದದ್ದು, ಸಾಲು ತಗದದ್ದು. ‘ನಾ ನಂಬಿದೆ. ನನ್ನ ನಂಬಿ ನೀವು ಒತ್ತಿದ್ರಿ. ಬೈಯೂದಿದ್ರ ಬೈರಿ,’ ಅಂದಳು. ಇಬ್ಬರು ಬೈದ್ರು. ಆಕಿ ತಲಿ ತಗ್ಗಿಸಲಿಲ್ಲ, ಕೇಳಿಸಿಕೊಂಡಳು. ಆಮ್ಯಾಲ ಜೈಭೀಮ ಆ ಮೂರು ಹಾಳಿಯೊಳಗ ಮೊದಲನೇದರ ಮ್ಯಾಲ ಉಳಿದ ಜಾಗದಾಗ ಆ ಒಂದು ಸಾಲು ಬರದ, ಮರಾಠಿಯಾಗ, ದೊಡ್ಡಕ್ಷರದಾಗ. ಎಲ್ಲಾರಿಗೂ ಓದಿ ಹೇಳಿದ. ಮೂರು ಸಲ ಓದಿಸಿದ್ರು. ಒಬ್ಬರೂ ಬೆಟ್ಟು ವಾಪಸ್ ಕೇಳಲಿಲ್ಲ.

ಮರುದಿನ ಮುಂಜಾನೆ ಮುಕಾದಮ ಶಿವರುದ್ರಪ್ಪ ಟ್ರ್ಯಾಕ್ಟರ್ ತಂದ. ಯಮನವ್ವನ ತಾಲೂಕಿನವನೇ, ಕೂಲಿಮಂದಿ ತುಂಬಿಕೊಂಡು ಹೋಗೂದು ಅವನ ದಂಧೆ. ಒಬ್ಬರೂ ಹತ್ತಲಿಲ್ಲ.

‘ಏನೇ ಯಮನಿ, ತಲಿ ತಿರಗೇತೇನು? ನಾಳೆ ಬ್ಯಾರೆ ಗ್ಯಾಂಗ್ ತರ್ತೀನಿ ನಾ.’

‘ತರ್ರಿ,’ ಅಂದಳು. ‘ಅವರಿಗೂ ಎದಿ ಅದ. ಅವರಿಗೂ ಹೇಳ್ತೀವಿ.’

ಹತ್ತು ಗಂಟೇಕ್ಕ ಶಿವಾಜಿನಗರದ ಆ ಗೇಟಿನ ಮುಂದ ಮಂದಿ ಕುಂತಿದ್ರು. ಕೆಲಸದ ಅರಿವಿಯಾಗೇ ಬಂದಿದ್ರು, ಯಾರೂ ಹೇಳಿರಲಿಲ್ಲ. ಧರ್ಮಣ್ಣನ್ನ ಇಬ್ಬರು ಎತ್ತಿಕೊಂಡು ಬಂದು ಗೋಡೆಗೆ ಆನಿಸಿ ಕುಂಡ್ರಿಸಿದ್ರು. ಅವ ಕೆಮ್ಮಿದ್ರ ರಸ್ತಾ ಆಚೆಯವರು ತಿರುಗಿ ನೋಡತಿದ್ರು. ನಲವತ್ಮೂರೂ ಇದ್ರು. ಗೇಟಿನ ಅಗಲಕ್ಕ ಮೂರು ಸಾಲಾಗಿತ್ತು.

ನೀತಾ ಬಂದಳು. ಒಬ್ಬಾಕೀನೇ. ಮಾರಿ ತೊಳೆದಿತ್ತು, ಕೈಯಾಗ ಕ್ಯಾಮೆರಾ ಇರಲಿಲ್ಲ. ಸ್ವಲ್ಪ ಹೊತ್ತು ದೂರ ನಿಂತಳು. ಆಮ್ಯಾಲ ಹತ್ರ ಬಂದು, ‘ನಾನೂ ಕುಂದರ್ಲೇನ್ರಿ?’ ಅಂದಳು.

‘ಹಿಂದ ಜಾಗ ಅದ,’ ಅಂದಳು ಯಮನವ್ವ. ಮತ್ತ ಆಕಿ ಕಡೆ ನೋಡಲಿಲ್ಲ. ನೀತಾ ಹಿಂದ ಹೋಗಿ ನೆಲಕ್ಕ ಕುಂತಳು.

ಸಾಹೇಬರ ಬಿಳೆ ಗಾಡಿ ಮಂದಿ ಹಿಂದ ಬಂದು ನಿಂತಿತು. ಹಾರ್ನ್ ಹೊಡೀತು. ಯಾರೂ ಏಳಲಿಲ್ಲ. ಮತ್ತ ಹೊಡೀತು. ನಿನ್ನಿನ ಪೊಲೀಸ್ ಹೆಣ್ಮಗಳು ಓಡಿ ಬಂದು, ‘ಸರಕಾ, ಬದಿಗೆ ಸರೀರಿ, ಸಾಹೇಬರ ಗಾಡಿ ಒಳಗ ಹೋಗಬೇಕು,’ ಅಂದಳು.

‘ಗಾಡಿ ಹೋಗಂಗಿಲ್ಲ,’ ಅಂದಳು ಯಮನವ್ವ. ‘ಸಾಹೇಬರು ಇಳದು ಬರಲಿ.’

‘ಎಲ್ಲಾರನ್ನೂ ವ್ಯಾನಿನಾಗ ಹಾಕಬೇಕಾಗತದ ನೋಡು.’

‘ಎಷ್ಟು ವ್ಯಾನ್ ಅವ?’

ಹೆಣ್ಮಗಳು ಗಾಡಿ ಕಡೆ ನೋಡಿದಳು, ಮಂದಿ ಕಡೆ ನೋಡಿದಳು. ಹೋಗಿ ಕಿಡಕಿಯಾಗ ಬಗ್ಗಿ ಏನೋ ಹೇಳಿದಳು. ಬಿಸಲಾಗ ಗಾಡಿ ಗುರ್ರ್ ಅಂತ ನಿಂತೇ ಇತ್ತು, ಅದರ ಹೊಗಿ ಹಿಂದಿನ ಸಾಲಿನವರ ಮ್ಯಾಲ ಬರತಿತ್ತು. ಕಡೀಕ ಡ್ರೈವರ್ ಇಂಜಿನ್ ಬಂದ್ ಮಾಡಿದ.

ಬಾಗಿಲು ತೆರೀತು. ಸಾಹೇಬರು ಇಳದ್ರು. ಮಂದಿ ನಡುವ ಕಾಲಿಡಲಿಕ್ಕೆ ಜಾಗ ಹುಡುಕ್ಕೊಂತ, ಪ್ಯಾಂಟು ಎತ್ತಿ ಹಿಡಕೊಂಡು, ಮುಂದಿನ ಸಾಲಿನತನಕ ಬಂದ್ರು. ಬಂದು ನಿಂತು, ಯಮನವ್ವ ಏಳತಾಳ ಅಂತ ಕಾದ್ರು.

ಯಮನವ್ವ ಏಳಲಿಲ್ಲ. ಕುಂತಲ್ಲಿಂದಲೇ ಕಾಗದ ಮ್ಯಾಲ ಹಿಡದಳು.

‘ಓದ್ರಿ,’ ಅಂದಳು. ‘ಎಲ್ಲಾರಿಗೂ ಕೇಳೂ ಹಾಂಗ ಓದ್ರಿ.’